ನಮ್ಮ ಮಾವ ಬೀಗರಿಗೆ ಊರು ತೋರಿಸಿದ್ದು

ನಗಿ ಹುಡುಕ್ಕೊಂಡು ಹೋದವರಲ್ಲ ನಾವು. ಮನಿಮಂದಿ ಕೂಡಿ ಊರು ನೋಡಾಕ ಹೊಂಟ್ರ ಸಾಕು, ಅದ ನಮ್ಮ ಬೆನ್ನ ಹತ್ತಿ ಬರತಿತ್ತು. ನಾನು ಬಬಲೇಶ್ವರದಿಂದ ವಿಜಾಪುರದ ಜೋರಾಪುರ ಪೇಟಿಗೆ ಸೊಸಿಯಾಗಿ ಬಂದಾಗ ದೊಡ್ಡ ಯುದ್ಧ ನಡದಿತ್ತು. ಮಾವನವರದು ಅರಿವಿ ಅಂಗಡಿ. ಜೀವ ಮಾತ್ರ ಊರಿನ ಗುಮ್ಮಟ, ಬುರುಜುಗಳ ಮ್ಯಾಲ. ತಾವ ನಿಂತು ಕಟ್ಟಿಸಿದಂಗ ಮಾತಾಡೋರು. ಬೀಗರು ಬಂದ್ರ ಚಾ ಆಗೂಕಿಂತ ಮೊದಲ ಟಾಂಗಾ ಬಾಗಲಕ್ಕ ಬಂದಿರತಿತ್ತು.

ತೋಪಿನ ಮುಂದ ಕಾಕಾ

ತಿಕೋಟಾದಾಗ ಒಕ್ಕಲುತನ ಮಾಡಿಕೊಂಡಿದ್ದ ನಮ್ಮ ಕಾಕಾ ಒಮ್ಮೆ ನನ್ನ ಮಾತಾಡ್ಸಾಕ ಬಂದ. ಮಾವನವರು ಅವನ್ನ ನೆಟ್ಟಗ ಮುಲ್ಕಮೈದಾನ ತೋಪಿನ ಹತ್ರ ಕರಕೊಂಡು ಹೋದ್ರು; ಹಿಂದ ನಾವೂ ಹೋದ್ವಿ. ಸಿಂಹ ಬಾಯಿ ತೆರಕೊಂಡಂಥಾ ತೋಪು. ಉರಿಬಿಸಿಲಾಗೂ ಕೈಯಿಟ್ರ ತಣ್ಣಗ.

"ಇದನ್ನ ಇಲ್ಲಿಗೆ ಎಳದು ತರಾಕ ಆನಿ ಸಾಲಲಿಲ್ರಿ. ನೂರಾರು ಎತ್ತು ಕಟ್ಟಿದ್ರಂತ!" ಅಂದ್ರು ಮಾವ, ಎದಿ ಉಬ್ಬಿಸಿ.

ಕಾಕಾ ತೋಪಿನ ಬಾಯಾಗ ಹಣಿಕಿ ಹಾಕಿದ. ತೋಪಿನ ಸುತ್ತ ತಿರಗಿ ಬಂದ. ಬುರುಜಿನ ಮ್ಯಾಲಿಂದ ಕೆಳಗಿನ ದಾರಿ ಬಗ್ಗಿ ನೋಡಿದ. ಬೀಗರು ಬೆರಗಾಗ್ಯಾರ ಅಂತ ಮಾವನವರಿಗೆ ಆನಂದೋ ಆನಂದ.

"ಏನ್ ವಿಚಾರ ಮಾಡಾಕತ್ತೀರಿ, ಬೀಗರ?"

"ಏನಿಲ್ರಿ, ಅಷ್ಟೊಂದು ಎತ್ತಿನ ಸಗಣಿ ಯಾರ ಹೊಲಕ್ಕ ಹೋತೋ ಅಂತ!"

ದೊರಿಯ ಕಣ್ಣೀರು

ಇಬ್ರಾಹಿಂ ರೋಜಾದ ತೋಟಕ್ಕ ಬುತ್ತಿ ಕಟ್ಟಿಕೊಂಡು ಹೋದ ದಿನ, ಅಲ್ಲಿ ಒಬ್ಬ ಬಿಳಿ ದೊರಿ ಮೂರು ಕಾಲಿನ ಕ್ಯಾಮರಾ ಹೂಡಿ ನಿಂತಿದ್ದ. ನಮ್ಮನ್ನ ನೋಡಿ ಕೈ ಬೀಸಿದ. ಬಾಜೂಕ ಸರೀರಿ ಅಂತ ಅವನ ಅರ್ಥ. ಮಾವನವರಿಗೆ ತಿಳದದ್ದ ಬ್ಯಾರೆ.

"ನಮ್ಮ ಫೋಟೋ ಬೇಕಂತ! ಬರ್ರಿ ಎಲ್ಲಾರೂ!" ಅಂದು, ರುಮಾಲು ಸರಿ ಮಾಡಿಕೊಂಡು ರೋಜಾದ ಮುಂದ ನಟ್ಟನಡುವ ನಿಂತ್ರು. ದೊರಿ ಎರಡೂ ಕೈಯಿಂದ ಬೀಸಿದ. "ಒತ್ತಿ ನಿಂದರ್ರಿ ಅನ್ನಾಕತ್ತಾನ!" ನಾವು ಇನ್ನಷ್ಟು ಒತ್ತಿ ನಿಂತ್ವಿ. ದೊರಿ ಸಿಟ್ಟಿಲೆ ತಲಿಮ್ಯಾಲಿನ ಟೊಪಿಗಿ ತಗದು ನೆಲಕ್ಕ ಒಗದ. "ನೋಡ್ರಿ, ಎಷ್ಟು ಮರ್ಯಾದಿ!" ಅಂದು ಮಾವನವರು ತಿರಗಿ ಕೈಮುಗದ್ರು. ಕಡೀಕ ಅಂವಾ ಸೋತು ನಮ್ಮನ್ನೂ ಸೇರಿಸೇ ಫೋಟೋ ಹೊಡದ.

"ಪಾಪ, ಹಸದಾನ," ಅಂತ ನಮ್ಮ ಅತ್ತಿ ಅವಗ ಕಟಕ ರೊಟ್ಟಿ ಮ್ಯಾಲ ಕೆಂಪು ಖಾರದ ಚಟ್ನಿ ದಂಡಿಯಾಗಿ ಹಾಕಿ ಕೊಟ್ರು. ಒಂದ ತುತ್ತಿಗೆ ದೊರಿ ಮುಖ ಕೆಂಪಾತು, ಕಣ್ಣಾಗ ನೀರು ದಳದಳ ಇಳಿಯಾಕತ್ತಿದ್ವು.

ಮಾವನವರು ಅವನ ಬೆನ್ನು ತಟ್ಟಿ ನಮ್ಮ ಕಡೆ ತಿರಗಿ ಅಂದ್ರು: "ಭಾಳ ಮಂದಿಗೆ ಹಿಂಗ ಆಕ್ಕೈತಿ. ಈ ರೋಜಾದ ಚಂದಾನ ಅಂಥಾದ್ದು!"

ಬುರುಜು ಹತ್ತಿದ ಅತ್ತಿ

ಇದ ಊರಾಗ ಬಾಳೇವು ಮಾಡಿದ್ರೂ ನಮ್ಮ ಅತ್ತಿ ಉಪ್ಪಲಿ ಬುರುಜು ಹತ್ತಿದ್ದಿಲ್ಲ. ಒಂದು ಸಂಜಿಮುಂದ ಮಾವನವರು ಹಟ ಹಿಡದು ಹತ್ತಿಸಿದ್ರು. ಮೆಟ್ಲು ಹೊರಗಿಂದ ಸುತ್ತಿಕೊಂಡು ಹೋಗ್ತಾವ. ಅತ್ತಿಯ ಒಂದು ಕೈ ಗ್ವಾಡಿಗೆ, ಇನ್ನೊಂದು ಕೈಯಾಗ ನನ್ನ ಸೆರಗು.

ಮ್ಯಾಲ ಹೋದ ಕೂಡ್ಲೇ ಮಾವ, "ಅಲ್ಲಿ ನೋಡು ಗೋಳಗುಮ್ಮಟ! ಇಲ್ಲಿ ನೋಡು ಜೋಡಗುಮ್ಮಟ!" ಅಂತ ತೋರಸಾಕತ್ತಿದ್ರು. ಅತ್ತಿ ನೋಡಿದ್ದು ನಮ್ಮನಿ ಮಾಳಗಿ. ಒಣಾಕ ಹಾಕಿದ ಸಂಡಗಿಯೊಳಗ ಬಾಜೂ ಮನಿ ಆಡು ನಿಂತಿತ್ತು.

"ಬಂತು! ಬಂತು! ಮ್ಯಾಲ ಬಂದೈತಿ, ಓಡಿ ಬರ್ರಿ!" ಅಂತ ಅತ್ತಿ ಒದರಿದ್ರು.

ಯುದ್ಧದ ಕಾಲ. ಕೆಳಗ ಓಣಿ ಮಂದಿಯೆಲ್ಲಾ ಆಕಾಶ ನೋಡಿದ್ರು. "ಜಪಾನದ ಇಮಾನ!" ಅಂತ ಒಬ್ಬಾಂವ ಕೂಗಿದ. ದುಕಾನದವರು ದಡಬಡ ಬಾಗಲಾ ಹಾಕಿದ್ರು, ಒಬ್ಬ ಹಿರ್ಯಾ ಚಕ್ಕಡಿ ಕೆಳಗ ಹೊಕ್ಕ. ಆಡು ಮಾತ್ರ ಸಾವಕಾಶ ಸಂಡಗಿ ತಿಂತಿತ್ತು.

ಮಾವನವರಿಗೆ ಅದರಾಗೂ ಹೆಮ್ಮಿ. "ವೈರಿ ದೂರದಿಂದ ಕಾಣಲಿ ಅಂತನ ಹಿಂದಿನವರು ಈ ಬುರುಜು ಕಟ್ಟ್ಯಾರ. ಇವತ್ತಿಗೂ ಹೆಂಗ ಕಾಣತೈತಿ ನೋಡು!"

"ಮತ್ತ ಸುಮ್ಮನ್ಯಾಕ ನಿಂತೀರಿ?" ಅಂದ್ರು ಅತ್ತಿ. "ಇಲ್ಲೇ ತೋಪು ಐತಲ್ಲ, ಹಚ್ಚರಿ ಬತ್ತಿ!"

ಗುಮ್ಮಟದಾಗ ಹೆಣ್ಣು ನೋಡಿದ್ದು

ನಮ್ಮ ನಾದಿನಿ ಚಲುವಿ, ಶಾಣ್ಯಾಕಿ. ಆದ್ರ ಬಾಯಿ ಜೋರು ಅಂತ ಒಂದೆರಡು ಸಂಬಂಧ ತಪ್ಪಿದ್ವು. ಹಿಂಗಾಗಿ ಬಾಗಲಕೋಟಿಯವರು ನೋಡಾಕ ಬಂದಾಗ ಮನಿಯೊಳಗ ಎಲ್ಲಾರ ಜೀವ ಕೈಯಾಗ. ಅಕಿ ತಲಿ ಬಗ್ಗಿಸಿ ಅವಲಕ್ಕಿ ಕೊಟ್ಟು ಒಳಗ ಹೋದಳು. ಸುಸೂತ್ರ ಆತು ಅನ್ನೂದ್ರಾಗ ಮಾವನವರು ಎದ್ದ್ರು: "ನಡೀರಿ, ಗೋಳಗುಮ್ಮಟ ನೋಡಿ ಬರೂಣು!"

"ಹೆಣ್ಣು ನೋಡಾಕ ಬಂದವರಿಗೆ ಗುಮ್ಮಟ ಯಾಕ್ರಿ?" ಅಂತ ಅತ್ತಿ ಹಣಿ ಬಡಕೊಂಡ್ರು. ಯಾರು ಕೇಳ್ತಾರ!

ವರನ ತಾಯಿತಂದಿ ಸರಸರ ಮೆಟ್ಲು ಹತ್ತಿ, ಗುಮ್ಮಟದ ಒಳಗಿನ ದುಂಡನ ಪಡಸಾಲಿಯೊಳಗ ಅತ್ತಲಾಕಡೆ ಹೋಗಿ ಕುಂತ್ರು. ಅತ್ತಿ, ನಾದಿನಿ, ನಾನು ಇತ್ತಲಾಕಡೆ ಗ್ವಾಡಿಗೆ ಆತು ಕುಂತ್ವಿ. ಮಾವನವರು ವರನ್ನ ಕರಕೊಂಡು ಇನ್ನೂ ತೇಕಾಡಕೋತ ಹತ್ತಾಕತ್ತಿದ್ರು. ಈ ಗ್ವಾಡಿಯ ಗುಣ ಬೀಗರಿಗೆ ಹೇಳೋರ ಇರಲಿಲ್ಲ.

ಅಷ್ಟರಾಗ ಗ್ವಾಡಿ ನಮ್ಮ ಕಿವಿಯಾಗ ಪಿಸುಗುಟ್ಟಿತು. ವರನ ತಾಯಿ ದನಿ: "ಹುಡುಗಿ ನನಗ ಪಸಂದ್ ಐತ್ರಿ. ನಮ್ಮ ಹುಡುಗನ ಗೊರಕಿ ಸುದ್ದಿ ಮಾತ್ರ ಬಾಯಿ ಬಿಡಬ್ಯಾಡ್ರಿ!"

ಅತ್ತಿ ನಾದಿನಿ ಬಾಯಿ ಮುಚ್ಚಾಕ ಕೈ ಎತ್ತಿದ್ರು. ತಡಾ ಆತು.

"ಇರಲಿ ತಗೋರಿ!" ಅಂದಳು ಅಕಿ ಗಟ್ಟಿಯಾಗಿ. "ನಮ್ಮಪ್ಪನ ಗೊರಕಿಗೆ ಮನಿ ತೊಲಿ ನಡಗತಾವ. ನನಗ ರೂಢಿ ಐತಿ!"

ರೂಢಿ ಐತಿ... ರೂಢಿ ಐತಿ... ಗುಮ್ಮಟ ಏಳು ಸಲ ಸಾರಿತು. ಕೆಳಗಿದ್ದ ಮಂದಿ ಕತ್ತು ಎತ್ತಿದ್ರು. ವರನ ತಾಯಿ ಎದ್ದು ನಿಂತ್ರು. ಆಗ ಮ್ಯಾಲ ಹತ್ತಿ ಬಂದು ಬಾಗಲದಾಗ ನಿಂತಿದ್ದ ವರ ನಕ್ಕ. ಆ ನಗಿನೂ ಏಳು ಸಲ ತಿರಗಿ ಬಂತು. ಕಡೀಕ ಅವನ ತಾಯಿನೂ ತಡೀಲಾರದ ನಕ್ಕು, "ನನ್ನ ಮಗನ ಗೊರಕಿ ಮೀರಸೂ ದನಿ ಸಿಕ್ತು ನೋಡ್ರಿ, ಇದ ಸಂಬಂಧ ಗಟ್ಟಿ!" ಅಂದ್ರು.

ಅತ್ತಿ ಇನ್ನೂ ಮುಖ ಮುಚ್ಚಿಕೊಂಡ ಕುಂತಿದ್ರು. ಮಾವನವರು ಬೆವರು ಒರಿಸಿಕೊಂಡು, ಬೀಗರ ಮುಂದ ಹೋಗಿ, ಎದಿ ಮ್ಯಾಲ ಕೈಯಿಟ್ಟು ಅಂದ್ರು:

"ನನ್ನ ಗೊರಕಿ ಸುದ್ದಿ, ಒಂದಕ್ಷರ ಬಿಡದಂಗ, ಏಳು ಸಲ! ನಿಮ್ಮ ಬಾಗಲಕೋಟಿಯೊಳಗ ಇಂಥಾದ್ದು ಐತೇನ್ರಿ?"