ಸಿಗಬಾರದ ಡಬ್ಬಿ

ವಿಮಾನಕ್ಕೆ ಪ್ರಯಾಣಿಕರು ಹತ್ತುವ ಮೊದಲು ಗಗನಸಖಿಯರು ಪ್ರತಿಯೊಂದು ಆಸನದ ಕೆಳಗೂ ಬಗ್ಗಿ ನೋಡತಕ್ಕದ್ದು ಎಂಬುದು ನಿಯಮ. ಇವರ ಕೆಲಸ ನಗುವುದು ಮತ್ತು ಚಹಾ ಕೊಡುವುದು ಎಂದು ಹೊರಗಿನವರು ತಿಳಿದಿದ್ದಾರೆ. ಅದು ತಪ್ಪು. ಮೊದಲು ಬಗ್ಗುವುದು, ಆಮೇಲೆ ನಗುವುದು. ದೇವಸ್ಥಾನದಲ್ಲಿಯೂ ಕ್ರಮ ಹೀಗೇ ಇರುವುದರಿಂದ, ನನ್ನ ಮಗಳು ಮೇಧಾ ಈ ಕೆಲಸಕ್ಕೆ ಸೇರುತ್ತೇನೆಂದಾಗ ನಾನು ಬೇಡವೆನ್ನಲಿಲ್ಲ.

ಬಂಗಾಳದಲ್ಲಿ, ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಮೇಧಾಳ ವಿಮಾನ ಕಂಪನಿಯ ಭದ್ರತಾಧಿಕಾರಿ ಶ್ರೀವತ್ಸ, ಮೈಸೂರಿನವರು, ಬೆಳಿಗ್ಗೆ ಇಡ್ಲಿಗೆ ನಮ್ಮಲ್ಲಿಗೇ ಬರುತ್ತಾರೆ. ಆಗಾಗ ವಿಮಾನದೊಳಗೆ ಒಂದು ಹುಸಿ ಬಾಂಬನ್ನು ಬಚ್ಚಿಡುವುದು ಅವರ ಕರ್ತವ್ಯ. ಅದನ್ನು ಹುಡುಕುವುದು ಸಿಬ್ಬಂದಿಯ ಕರ್ತವ್ಯ. ಪ್ರೊಬೇಷನ್ನಿನಲ್ಲಿರುವವರಿಗೆ ಸಿಗದಿದ್ದರೆ ಕೆಲಸ ಹೋಗುತ್ತದೆ. ಮೇಧಾ ಪ್ರೊಬೇಷನ್ನಿನಲ್ಲಿದ್ದಳು.

ಶ್ರೀವತ್ಸರು ಪ್ರತಿ ಸಲವೂ ಕೊನೆಯ ಸಾಲಿನ ಲೈಫ್ ಜಾಕೆಟ್ಟಿನ ಹಿಂದೆಯೇ ಇಡುತ್ತಿದ್ದರು, ಎಲ್ಲರಿಗೂ ಸಿಗುತ್ತಿತ್ತು. ಇದರಿಂದ ಮುಖ್ಯ ಕಚೇರಿಗೆ ಚಿಂತೆಯಾಯಿತು. "ಎಲ್ಲರೂ ತೇರ್ಗಡೆಯಾಗುತ್ತಿರುವುದಕ್ಕೆ ಸಿಬ್ಬಂದಿಯ ಸಾಮರ್ಥ್ಯ ಕಾರಣವಿರಬೇಕು ಅಥವಾ ಪರೀಕ್ಷೆಯ ದೌರ್ಬಲ್ಯ. ಮೊದಲನೆಯದು ನಂಬತಕ್ಕದ್ದಲ್ಲವಾದ್ದರಿಂದ ಎರಡನೆಯದನ್ನು ಸರಿಪಡಿಸತಕ್ಕದ್ದು" ಎಂದು ಆದೇಶ ಬಂತು.

ಮರುದಿನ ಶ್ರೀವತ್ಸರು ಕೈ ತೊಳೆದುಕೊಂಡು ಗಲ್ಲಾದ ಹತ್ತಿರ ಬಂದರು.

"ಭಟ್ರೇ, ಒಂದು ಡಬ್ಬಿ ಕೊಡಿ. ಬಾಂಬ್ ಮಾಡ್ಬೇಕು."

"ಮುಚ್ಚಳ ಬಿಗಿ ಇರ್ಬೇಕಾ?" ಎಂದು ಕೇಳಿದೆ.

"ಬಿಗಿ ಇದ್ರೆ ಒಳ್ಳೇದು."

ನನ್ನ ಹೆಂಡತಿ ರತ್ನಾವತಿ ತವರಿನಿಂದ ತಂದ ಸ್ಟೀಲ್ ಡಬ್ಬಿಯನ್ನು ಕೊಟ್ಟೆ. ಅದರ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿದೆ. ಒಳಗೆ ಒಂದು ಹಳೆಯ ಅಲಾರಾಂ ಗಡಿಯಾರ, ಕೆಂಪು-ನೀಲಿ ವೈರುಗಳನ್ನಿಟ್ಟು, ಶ್ರೀವತ್ಸರು ಅದನ್ನು ಕಾಳಿಘಾಟಿನ ಗುಡಿಗೆ ಒಯ್ದು, "ತಾಯೇ, ಇದು ಯಾರಿಗೂ ಸಿಗದಿರಲಿ" ಎಂದು ಬೇಡಿಕೊಂಡು, ವಿಮಾನದಲ್ಲಿ ಬಚ್ಚಿಟ್ಟರು. ಆ ತಾಯಿ ಭಕ್ತರ ಮಾತನ್ನು ತೆಗೆದುಹಾಕುವವಳಲ್ಲ. ಸಿಬ್ಬಂದಿಗೆ ಡಬ್ಬಿ ಸಿಗಲಿಲ್ಲ. ಆಮೇಲೆ ಶ್ರೀವತ್ಸರು ತಾವೇ ಹೋಗಿ ಹುಡುಕಿದರು. ಅವರಿಗೂ ಸಿಗಲಿಲ್ಲ. ಬೇಡಿಕೊಳ್ಳುವಾಗ ತಮ್ಮನ್ನು ಹೊರತುಪಡಿಸಲು ಮರೆತಿದ್ದರು.

ಮೇಧಾಳನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧವಾಯಿತು. ಆದರೆ ಸಿಗದೇ ಹೋದ ವಸ್ತುವನ್ನು ಸಾಕ್ಷಿಯಾಗಿ ಹಾಜರುಪಡಿಸದೆ ಆದೇಶ ಹೊರಡಿಸುವಂತಿಲ್ಲ. ಡಬ್ಬಿ ಕಳೆದಿದೆ ಎಂದರೆ ವಿಮಾನವನ್ನು ನಿಲ್ಲಿಸಬೇಕು, ಶ್ರೀವತ್ಸರು ಮನೆಗೆ ಹೋಗಬೇಕು. ಆದ್ದರಿಂದ ಅವರು "ಪರೀಕ್ಷೆ ಮುಂದುವರಿದಿದೆ" ಎಂದು ಬರೆದರು. ವಿಮಾನ ಹಾರುತ್ತಲೇ ಇತ್ತು.

ಮೇಧಾ ಮನೆಗೆ ಬಂದು ಊಟದ ತಟ್ಟೆಯನ್ನು ದೂರ ತಳ್ಳಿದಳು.

"ಅಪ್ಪ, ಪ್ರೊಬೇಷನ್ ಮುಗಿಯೋದ್ರೊಳಗೆ ಅದು ಸಿಗ್ಲಿಲ್ಲ ಅಂದ್ರೆ ನಾನು ಔಟ್."

"ನನ್ನ ಡಬ್ಬಿಯೂ ಔಟಾ?" ಎಂದಳು ರತ್ನಾವತಿ.

"ಅಮ್ಮ, ಪ್ಲೀಸ್!"

"ಎಂತ ಪ್ಲೀಸು? ಬಾಂಬಿಗೆ ನಿನ್ನ ಅಪ್ಪನಿಗೆ ನನ್ನ ತವರಿನ ಡಬ್ಬಿಯೇ ಬೇಕಿತ್ತಾ? ಪ್ಲಾಸ್ಟಿಕ್ಕಿನದ್ದು ಇರ್ಲಿಲ್ವಾ?"

ಇನ್ನೊಂದು ತೊಡಕಿತ್ತು. ಹೊರಡುವ ಮೊದಲು ಸಿಬ್ಬಂದಿ "ಅನುಮಾನಾಸ್ಪದ ವಸ್ತು ಯಾವುದೂ ಇಲ್ಲ" ಎಂದು ಪೈಲಟ್ಟಿಗೆ ಹೇಳಬೇಕು. ಸುಳ್ಳು ಹೇಳಬಾರದೆಂದು ನಾನು ಬೆಳೆಸಿದ ಮಗಳು ಹಾಗೆ ಹೇಳಲು ಒಪ್ಪಲಿಲ್ಲ. ಅವಳ ಆತ್ಮಸಾಕ್ಷಿಯನ್ನು ಗೌರವಿಸಿ ಕಂಪನಿಯು ವಾಕ್ಯವನ್ನು ತಿದ್ದಿತು: "ಕಂಪನಿಯದೇ ಆದ ಒಂದು ಅನುಮಾನಾಸ್ಪದ ವಸ್ತುವನ್ನು ಹೊರತುಪಡಿಸಿ, ಅನುಮಾನಾಸ್ಪದ ವಸ್ತು ಯಾವುದೂ ಇಲ್ಲ." ಪೈಲಟ್ಟುಗಳು ಇದಕ್ಕೆ "ಸಂತೋಷ" ಎನ್ನತಕ್ಕದ್ದು.

ಇಷ್ಟರಲ್ಲಿ ಮುಖ್ಯ ಕಚೇರಿಯು ಇದನ್ನು ಅತ್ಯಂತ ಕಠಿಣವಾದ ಪರೀಕ್ಷೆಯೆಂದು ಘೋಷಿಸಿ ಶ್ರೀವತ್ಸರಿಗೆ ಶಾಲು ಹೊದಿಸಿತು. ಬೇರೆ ಕಂಪನಿಗಳ ಅಧಿಕಾರಿಗಳು ಶುಲ್ಕ ಕೊಟ್ಟು ಬಂದು, ಡಬ್ಬಿಯನ್ನು ಕಾಣದೆ, ತೃಪ್ತರಾಗಿ ಹೋಗುತ್ತಿದ್ದರು. ನನಗೆ ಆಶ್ಚರ್ಯವಾಗಲಿಲ್ಲ. ಕಾಣದಿರುವುದನ್ನು ಇದೆಯೆಂದು ನಂಬಿಯೇ ನಾನು ಈ ವಯಸ್ಸಿನವರೆಗೆ ಬಂದಿದ್ದೇನೆ.

ಹೀಗಿರಲು ಒಂದು ದಿನ, ಇಪ್ಪತ್ತೊಂದನೆಯ ಸಾಲಿನ ಕಿಟಕಿಯ ಕೆಳಗೆ ಸಡಿಲವಾಗಿದ್ದ ಹಲಗೆಯ ಹಿಂದೆ ಮೇಧಾಳಿಗೆ ಡಬ್ಬಿ ಸಿಕ್ಕಿತು. ಅವಳು ಓಡಿಹೋಗಿ ಶ್ರೀವತ್ಸರನ್ನು ಕರೆತಂದಳು. ಅವರು ಆ ಮುಚ್ಚಳ ನೋಡಿ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡರು.

"ಯಾಕಮ್ಮ ಹುಡುಕ್ದೆ?"

"ನನ್ನ ಡ್ಯೂಟಿ ಸರ್."

"ಡ್ಯೂಟಿ ಅಂತ ಸಿಕ್ಕಿದ್ದನ್ನೆಲ್ಲ ಹುಡುಕ್ಬಿಡೋದಾ? ಈಗ ಇದು ಸಿಕ್ತು ಅಂದ್ರೆ, ಇಷ್ಟು ದಿನ ಇದನ್ನಿಟ್ಕೊಂಡು ಹೇಗೆ ಹಾರಿಸಿದ್ರಿ ಅಂತಾರೆ. ನನ್ನ ಶಾಲೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ. ಇದ್ದಲ್ಲೇ ಇಟ್ಬಿಡು ಕಣಮ್ಮ. ನಾಳೆನೇ ನಿನ್ನ ಕನ್ಫರ್ಮ್ ಮಾಡಿಸ್ತೀನಿ."

ಮೇಧಾ ನನಗೆ ಫೋನ್ ಮಾಡಿದಳು. "ಅಪ್ಪ, ಹುಡುಕಿದ್ರೆ ಕೆಲಸ ಹೋಗುತ್ತಂತೆ. ವಾಪಸ್ ಇಡ್ಲಾ?"

ಹಿರಿಯರ ಮಾತು ಮೀರಬಾರದು ಎಂದೆ. ರತ್ನಾವತಿ ಫೋನು ಕಿತ್ತುಕೊಂಡಳು. ಅವಳು ಡಬ್ಬಿ ಕೇಳುತ್ತಾಳೆಂದುಕೊಂಡಿದ್ದೆ. ಮಗಳ ಅನ್ನವೋ ತವರಿನ ಡಬ್ಬಿಯೋ ಎಂದು ಅವಳು ತೂಗಿ ನೋಡಿದಳು.

"ಇಡು ಮಗಾ. ಆದ್ರೆ ಪಾತ್ರೆ ವಾಪಸ್ ಕೊಡುವಾಗ ಬರಿದೇ ಕೊಡ್ಬಾರ್ದು. ಒಂದಿಷ್ಟು ಸಕ್ರೆಯಾದ್ರೂ ಹಾಕು."

ಮೇಧಾ ಚಹಾಕ್ಕೆಂದಿದ್ದ ಸಕ್ಕರೆ ಪೊಟ್ಟಣಗಳನ್ನು ಒಡೆದು ಡಬ್ಬಿಗೆ ಸುರಿದು, ಹಲಗೆಯ ಹಿಂದೆ ಇಟ್ಟಳು. "ಕರ್ತವ್ಯದಲ್ಲಿ ತೋರಿದ ಸಂಯಮಕ್ಕಾಗಿ" ಅವಳ ಕೆಲಸ ಖಾಯಂ ಆಯಿತು.

ಡಬ್ಬಿಯನ್ನು ಎರಡನೆಯ ಸಲ ಕಂಡುಹಿಡಿದದ್ದು ಇರುವೆಗಳು. ಚಹಾ ಕಾಯಿಸುವ ಜಾಗದಿಂದ ಇಪ್ಪತ್ತೊಂದನೆಯ ಸಾಲಿನವರೆಗೆ ಅವುಗಳ ಮೆರವಣಿಗೆ ಸಾಗಿತು. ಔಷಧಿ ಹೊಡೆಯುವವರು ಬಂದರೆ ಹಲಗೆ ತೆಗೆಯುತ್ತಾರೆ, ಆದ್ದರಿಂದ ಅವರನ್ನು ಕರೆಯುವಂತಿರಲಿಲ್ಲ. ಕಂಪನಿಯು ಆದೇಶ ಹೊರಡಿಸಿತು: "ಇರುವೆಗಳು ಸಿಬ್ಬಂದಿಯಲ್ಲವಾದ್ದರಿಂದ, ಅವು ಕಂಡುಹಿಡಿದದ್ದನ್ನು ಕಂಡುಹಿಡಿದಂತೆ ಪರಿಗಣಿಸತಕ್ಕದ್ದಲ್ಲ."

ಕಳೆದ ತಿಂಗಳು ನಾನೂ ರತ್ನಾವತಿಯೂ ಬೆಂಗಳೂರಿಗೆ ಅದೇ ವಿಮಾನದಲ್ಲಿ ಹೋದೆವು. ದೇವರ ದಯೆಯಿಂದ ಇಪ್ಪತ್ತೊಂದನೆಯ ಸಾಲೇ ಸಿಕ್ಕಿತು. ಮೇಧಾ ಮೈಕಿನಲ್ಲಿ ಪ್ರಕಟಿಸಿದಳು: "ಪ್ರಯಾಣಿಕರು ಬೆಲ್ಟು ಕಟ್ಟಿಕೊಂಡು, ಇರುವೆಗಳ ಸಾಲಿಗೆ ಅಡ್ಡಿಯಾಗದಂತೆ ಕಾಲು ಎತ್ತಿಕೊಳ್ಳತಕ್ಕದ್ದು. ಅವು ಹೋಗುವ ದಿಕ್ಕಿಗೆ ನೋಡಬಾರದೆಂದು ವಿನಂತಿ." ಎಲ್ಲರೂ ಕಾಲು ಎತ್ತಿಕೊಂಡರು. ಕಿಟಕಿಯ ಪಕ್ಕದ ಬಂಗಾಳಿ ಯಜಮಾನರು ಕಾಲೆತ್ತಿಕೊಂಡದ್ದಲ್ಲದೆ ಕಣ್ಣನ್ನೂ ಮುಚ್ಚಿಕೊಂಡರು.

"ಕೈ ಚಾಚಿದ್ರೆ ಸಿಗ್ತದೆ ಮಾರಾಯ್ರೆ, ನನ್ನ ಡಬ್ಬಿ," ಎಂದಳು ರತ್ನಾವತಿ ಮೆಲ್ಲಗೆ.

"ಚಾಚ್ಬೇಡ."

ಅವಳು ನಿಟ್ಟುಸಿರುಬಿಟ್ಟು, ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು, ಇರುವೆಗಳ ದಾರಿಯಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿದಳು. ನಾನು ಕೈಮುಗಿದೆ.

ಮೇಧಾ ನಮ್ಮ ಸಾಲಿಗೆ ಬಂದು, ಇನ್ನೊಮ್ಮೆ ಬಗ್ಗಿ ನೋಡಿ, ಏನೂ ಕಾಣದೆ, ಎದ್ದು ನಿಂತು ನಕ್ಕಳು. ವಿಮಾನ ಹೊರಟಿತು.