ಆಶಾನ್ ಕೊಟ್ಟ ಎರವಲು ಉಳಿ

ಆಶಾನ್ ತೀರಿಕೊಂಡು ವರ್ಷವಾಗುತ್ತ ಬಂತು. ಮನುಷ್ಯ ಹೋದ ಮೇಲೆ ಅವನ ಬಗ್ಗೆ ಹೊಸ ಪ್ರಸಂಗಗಳು ಹುಟ್ಟುವುದು ನಿಲ್ಲಬೇಕು ಎಂಬುದು ಸಾಮಾನ್ಯ ನಿರೀಕ್ಷೆ. ಇವರ ವಿಷಯದಲ್ಲಿ ಅದು ನಡೆದಿಲ್ಲ. ನಮ್ಮ ಕೈಕೆತ್ತನೆಯ ಸಂಘದವರು ನಾಲ್ಕು ಜನ ಎಲ್ಲಿ ಸೇರಿದರೂ ಒಂದಾದರೂ ಹೊರಬೀಳುತ್ತದೆ.

ನಮ್ಮ ಸಂಘದಲ್ಲಿ ಹನ್ನೆರಡು ಜನ. ಉಂಗುರ, ಬಳೆ, ದೀಪ, ಹಿತ್ತಾಳೆ ಫಲಕಗಳ ಮೇಲೆ ಹೂಬಳ್ಳಿ, ಅಕ್ಷರ ಕೆತ್ತುವವರು. ಹನ್ನೊಂದು ಜನಕ್ಕೆ ಅದು ಕಸುಬು. ಹನ್ನೆರಡನೆಯವನಾದ ನಾನು ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ಅಳತೆ ಉಪಕರಣಗಳ ವಿಭಾಗದ ನೌಕರ. ಮೈಸೂರಿನಿಂದ ವರ್ಗವಾಗಿ ಬಂದವನು. ಪಟ್ಟಂನ ಫ್ಲ್ಯಾಟಿನಲ್ಲಿ ನಮ್ಮ ಮನೆಯಿಂದ ಸಾರು ತುಂಬಿಕೊಂಡು ಹೋದ ಸ್ಟೀಲ್ ಡಬ್ಬಿಗಳು ವಾಪಸ್ ಬರುತ್ತಿರಲಿಲ್ಲ. ಅವುಗಳ ಮೇಲೆ ಹೆಸರು ಕೆತ್ತಲು ಕೂತವನು ಏಳಲೇ ಇಲ್ಲ.

ಆಶಾನ್ ಅಂದರೆ ಇಲ್ಲಿಯ ಮಾತಿನಲ್ಲಿ ಗುರು. ಅವರು ಕೆತ್ತುತ್ತಿರಲಿಲ್ಲ, ಕೆತ್ತುವವರಿಗೆ ಉಳಿ ಮಾಡಿಕೊಡುತ್ತಿದ್ದರು. ಬೆರಳುದ್ದದ ಉಕ್ಕಿನ ಕಡ್ಡಿ, ಅದರ ಹಿಂದೆ ಅಂಗೈಯಲ್ಲಿ ಕೂರುವ ಅಣಬೆಯಾಕಾರದ ಮರದ ಹಿಡಿ. ನೋಡಿದರೆ ಏನೂ ಅಲ್ಲ. ಆದರೆ ಆಶಾನ್ ಮಾಡಿದ ಉಳಿ ಕೈಯಲ್ಲಿಲ್ಲದವನನ್ನು ಸಂಘದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನನ್ನ ಹತ್ತಿರ ಅದು ಇರಲಿಲ್ಲ. ಈ ಸಂಗತಿಯನ್ನು ಆರು ವರ್ಷ ಮುಚ್ಚಿಟ್ಟುಕೊಂಡಿದ್ದೆ.

ನಕ್ಷೆ

ಮೊದಲ ಸಲ ಹೋದಾಗ ನಾನು ಪೂರ್ತಿ ತಯಾರಿಯಲ್ಲಿದ್ದೆ. ನನಗೆ ಬೇಕಾದ ಉಳಿಯ ನಕ್ಷೆಯನ್ನು ಮೂರು ಕಡೆಯಿಂದ ಬರೆದು, ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳತೆ ಹಾಕಿ, ಬೆಳಗಿನ ರೈಲು ಹಿಡಿದು ಕೊಚ್ಚಿಗೆ ಹೋದೆ. ಎಡಪ್ಪಳ್ಳಿಯ ದೊಡ್ಡ ಮಾಲ್‌ನ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಕಾರ್ಖಾನೆ.

ಆಶಾನ್ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಒಳ್ಳೆಯ ಕಾಗದ," ಎಂದರು. ಪಕ್ಕದಲ್ಲಿದ್ದ ಎರಡು ಬಿಸಿ ಪಳಂಪೊರಿಯನ್ನು, ಅಂದರೆ ನಮ್ಮ ಬಾಳೆಹಣ್ಣಿನ ಬಜ್ಜಿಯನ್ನು, ಅದರ ಮೇಲಿಟ್ಟು ನನ್ನ ಮುಂದೆ ಸರಿಸಿದರು.

"ಕೈ ಕೊಡಿ ಸಾರೇ."

ಕೊಟ್ಟೆ. ಹಿಂದೆ ಮುಂದೆ ತಿರುಗಿಸಿದರು. ಹೆಬ್ಬೆರಳಿನ ಬುಡ ಒತ್ತಿದರು. "ಸರ್ಕಾರಿ ಕೈ," ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಬೆಚ್ಚಗಿನ ಜೇನುಮೇಣದ ಉಂಡೆಯೊಂದನ್ನು ನನ್ನ ಅಂಗೈಯಲ್ಲಿಟ್ಟು, ಮುಷ್ಟಿ ಬಿಗಿಯಾಗಿ ಹಿಡಿಯಲು ಹೇಳಿದರು. ಅವರ ಪದ್ಧತಿ ಅದು. ಆ ಮುಷ್ಟಿಯ ಅಚ್ಚಿಗೆ ತಕ್ಕ ಹಾಗೆ ಹಿಡಿ ಕಡೆಯುತ್ತಿದ್ದರು. ಒಬ್ಬರ ಉಳಿ ಇನ್ನೊಬ್ಬರಿಗೆ ಕೂರುತ್ತಿರಲಿಲ್ಲ. ಗೋಡೆಯ ಮೇಲಿನ ಹಲಗೆಯಲ್ಲಿ ಇಂಥ ಮೇಣದ ಮುಷ್ಟಿಗಳು ಹೆಸರು ಬರೆಸಿಕೊಂಡು ಸಾಲಾಗಿ ಕೂತಿದ್ದವು.

"ಅಳತೆಯಲ್ಲಿ ಎಷ್ಟು ವ್ಯತ್ಯಾಸ ಬರಬಹುದು?" ಎಂದು ಕೇಳಿದೆ. ವೃತ್ತಿಯ ಚಟ.

"ನೀವು ದಪ್ಪಗಾದರೆ ಬರುತ್ತದೆ," ಎಂದರು.

ಉಗುರು

ಉಳಿ ಹರಿತವಾಗಿದೆಯೇ ಎಂದು ನೋಡುವುದು ಹೆಬ್ಬೆರಳಿನ ಉಗುರಿನ ಮೇಲೆ. ಮೊನೆಯನ್ನು ಮೆಲ್ಲಗೆ ಊರಿದಾಗ ಜಾರಿದರೆ ಮೊಂಡು. ಕಚ್ಚಿ ನಿಂತರೆ ಹರಿತ. ಲೋಕದಲ್ಲೆಲ್ಲ ಕೆತ್ತುವವರು ತಮ್ಮ ತಮ್ಮ ಉಗುರಿನ ಮೇಲೆ ನೋಡಿಕೊಳ್ಳುತ್ತಾರೆ. ಆಶಾನ್ ಮಾತ್ರ ಎದುರಿಗೆ ಕೂತವರ ಉಗುರಿನ ಮೇಲೆ ನೋಡುತ್ತಿದ್ದರು. "ನನ್ನದರಲ್ಲಿ ಜಾಗ ಇಲ್ಲ," ಎಂಬುದು ಅವರ ವಿವರಣೆ.

ಹಾಗಾಗಿ ನನ್ನ ಎಡ ಹೆಬ್ಬೆರಳಿನ ಉಗುರು ಗೆರೆಗಳಿಂದ ತುಂಬಿಹೋಯಿತು. ಬೇರೇನೋ ಕಾಯಿಲೆಗೆಂದು ಪಟ್ಟಂನಲ್ಲಿ ಡಾಕ್ಟರೊಬ್ಬರ ಹತ್ತಿರ ಹೋದಾಗ ಅವರ ಕಣ್ಣು ಅದರ ಮೇಲೆ ಬಿತ್ತು. ಕನ್ನಡಕ ಏರಿಸಿ ನೋಡಿದರು. "ಎಷ್ಟು ದಿನದಿಂದ ಹೀಗೆ?"

ಪಕ್ಕದಲ್ಲಿ ಹೆಂಡತಿ ಇದ್ದಳು. ವಾರಾಂತ್ಯಗಳಲ್ಲಿ ನಾನು ಕೊಚ್ಚಿಗೆ ಹೋಗುವುದು ಕಚೇರಿ ಕೆಲಸಕ್ಕೆಂದು ಅವಳು ಆಗ ನಂಬಿದ್ದಳು. "ಗೊತ್ತಿಲ್ಲ," ಎಂದೆ.

ರಕ್ತಹೀನತೆ ಇರಬಹುದೆಂದು ಮೂರು ತಿಂಗಳ ಮಾತ್ರೆ ಬರೆದರು. ಹೆಂಡತಿ ಮೂರು ತಿಂಗಳು ಎರಡು ಹೊತ್ತೂ ಸೊಪ್ಪು ಬೇಯಿಸಿದಳು. ನಾನು ಸತ್ಯ ನುಂಗಿದೆ, ಸೊಪ್ಪನ್ನೂ ನುಂಗಿದೆ.

ಮುಂದೆ ಅದೇ ಡಾಕ್ಟರು ಮಗಳ ಮದುವೆಯ ಉಂಗುರಕ್ಕೆ ಹೆಸರು ಕೆತ್ತಿಸಬೇಕೆಂದು ಕೆತ್ತುವವರನ್ನು ಹುಡುಕಿಕೊಂಡು ಆಶಾನ್ ಮನೆಗೇ ಬಂದರಂತೆ. ವಿಳಾಸ ಬರೆದುಕೊಡುವ ಮೊದಲು ಆಶಾನ್, "ಒಂದು ನಿಮಿಷ, ಕೈ ಕೊಡಿ," ಎಂದು ಆಗ ತಾನೆ ಸಾಣೆ ಹಿಡಿದಿದ್ದ ಉಳಿಯನ್ನು ಅವರ ಉಗುರಿನ ಮೇಲೆ ಊರಿ ನೋಡಿದರು. ಕಚ್ಚಿತು.

ಡಾಕ್ಟರು ಆಮೇಲೆ ಮಾತ್ರೆ ತೆಗೆದುಕೊಂಡರೋ ಇಲ್ಲವೋ ತಿಳಿದುಬಂದಿಲ್ಲ.

ದುಭಾಷಿ

ಸೊಪ್ಪಿನ ಪ್ರಕರಣ ಬಯಲಾದ ಮೇಲೆ ಹೆಂಡತಿ ನನ್ನ ಜೊತೆ ಬರತೊಡಗಿದಳು. ಫ್ಲ್ಯಾಟಿನ ಹೆಂಗಸರ ಸಹವಾಸದಿಂದ ಅವಳ ಮಲಯಾಳ ನನ್ನದಕ್ಕಿಂತ ಬಹಳ ಮುಂದಿತ್ತು. ಅವಳ ಮೂಲಕ ಕೇಳಿಸಿದೆ: ನನ್ನ ಉಳಿ ಎಲ್ಲಿಗೆ ಬಂತು?

ಆಶಾನ್ ಮಾತಾಡತೊಡಗಿದರು. ಮೂರು ನಿಮಿಷ ಮಾತಾಡಿದರು. ನಡುವೆ ಎದ್ದು ನನ್ನ ಮೇಣದ ಮುಷ್ಟಿಯನ್ನು ಹಲಗೆಯಿಂದ ಇಳಿಸಿ ತೋರಿಸಿದರು. ಒಮ್ಮೆ ಆಕಾಶ ನೋಡಿದರು. ಅವರ ಹೆಂಡತಿ ಒಳಗಿನಿಂದ ಬಂದು ಕೇಳಿಸಿಕೊಂಡು, ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಆ ತಾಯಿಯನ್ನು ನಾವೆಲ್ಲ ಚೇಚಿ ಎನ್ನುತ್ತಿದ್ದೆವು, ಅಕ್ಕ ಎಂದಂತೆ.

"ರೀ, ಇನ್ನೂ ಆಗಿಲ್ಲವಂತೆ," ಎಂದಳು ನನ್ನ ಹೆಂಡತಿ.

"ಅಷ್ಟೇನಾ? ಅಷ್ಟು ಹೊತ್ತು ಮಾತಾಡಿದರಲ್ಲ?"

"ಉಳಿದದ್ದು ನಿಮ್ಮ ಕೈ ವಿಷಯ. ಮನೆಗೆ ಹೋದಮೇಲೆ ನಿಧಾನವಾಗಿ ಹೇಳ್ತೀನಿ."

ಹೊರಡುವಾಗ ಆಶಾನ್ ಮೇಜಿನ ಖಾನೆಯಿಂದ ಹಳೆಯದೊಂದು ಉಳಿ ತೆಗೆದು ಕೊಟ್ಟರು. ಹಿಡಿ ಕಪ್ಪಾಗಿತ್ತು. "ನಿಮ್ಮದು ಆಗುವವರೆಗೆ ಇದರಲ್ಲಿ ಕೈ ಪಳಗಿಸಿ. ಯಾರದೋ ಹಳೆಯದು. ಎರವಲು, ನೆನಪಿರಲಿ. ಹಾಳು ಮಾಡಬೇಡಿ."

ಎರವಲಾದರೂ ಅದು ಅಂಗೈಯಲ್ಲಿ ಚೆನ್ನಾಗಿಯೇ ಕೂತಿತು. ಯಾರದೋ ಉಳಿ ಇಷ್ಟು ಚೆನ್ನಾಗಿದ್ದರೆ ನನ್ನದು ಹೇಗಿರಬೇಡ ಎಂದು ನನ್ನ ಆಸೆ ಇಮ್ಮಡಿಯಾಯಿತು. ಆಮೇಲೆ ವರ್ಷಕ್ಕೆರಡು ಸಲ ಕೇಳಿದೆ. ಉತ್ತರ ಬದಲಾಗಲಿಲ್ಲ. ಸಂಘದಲ್ಲಿ ಮಾತ್ರ ಎಲ್ಲರಂತೆ ನಾನೂ "ಆಶಾನ್ ನನಗೆಂದೇ ಮಾಡಿಕೊಟ್ಟದ್ದು" ಎಂದು ಹೇಳುತ್ತಿದ್ದೆ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬೇರೆಯವರೂ ಕೊಡುತ್ತಿರಲಿಲ್ಲವಾದ್ದರಿಂದ ಸಂಶಯ ಬರಲಿಲ್ಲ.

ಸನ್ಮಾನ

ತಿರುವನಂತಪುರದಲ್ಲಿ ಸಂಘದ ಪ್ರದರ್ಶನ ನಡೆದಾಗ ಆಶಾನ್‌ಗೆ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಶಾಲು, ಹಾರ, ಒಂದು ಬೆಳ್ಳಿ ಫಲಕ. ಫಲಕದ ಮೇಲೆ ಅವರ ಹೆಸರು, ಸುತ್ತ ಬಳ್ಳಿ.

ಯಾರು ಕೆತ್ತುವುದು ಎಂಬಲ್ಲಿ ತೊಡಕಾಯಿತು. ಆಶಾನ್ ಕುತ್ತಿಗೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ ತೂಗಾಡುತ್ತಿತ್ತು. ಎದುರಿಗೆ ಬಂದ ಪ್ರತಿ ಗೆರೆಯನ್ನೂ ಅದರಲ್ಲಿ ನೋಡಿ, ಎಲ್ಲಿ ಕೈ ನಡುಗಿತು, ಎಲ್ಲಿ ಉಸಿರು ತಪ್ಪಿತು, ಎಲ್ಲಿ ಫೋನ್ ಬಂತು ಎಂದು ಸಭೆಯಲ್ಲೇ ಹೇಳಿಬಿಡುವರು. ಅಧ್ಯಕ್ಷರಿಗೆ ಆ ವಾರ ಮೊಣಕೈ ನೋವು ಬಂತು. ಬಳೆಗಳಿಗೆ ಹೆಸರಾದ ನಮ್ಮ ಹಿರಿಯ ಸದಸ್ಯೆಗೆ ಕಣ್ಣು ಉರಿಯಿತು. ನನಗೆ ಕಚೇರಿಯಲ್ಲಿ ತಪಾಸಣೆ ಇತ್ತು. ಕೊನೆಗೆ ಹನ್ನೆರಡು ಕೈಕೆತ್ತನೆಗಾರರ ಸಂಘವು ಸರ್ವಾನುಮತದಿಂದ ಆ ಫಲಕವನ್ನು ಪೇಟೆಯ ಲೇಸರ್ ಯಂತ್ರದ ಅಂಗಡಿಯಲ್ಲಿ ಕೆತ್ತಿಸಿತು. ಏಳು ನಿಮಿಷದಲ್ಲಿ ಆಯಿತು.

ವೇದಿಕೆಯ ಮೇಲೆ ಆಶಾನ್ ಫಲಕ ತೆಗೆದುಕೊಂಡರು. ಭೂತಗನ್ನಡಿ ಏರಿಸಿದರು. ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ನಾವು ಹನ್ನೆರಡು ಜನ ನೆಲ ನೋಡಿದೆವು.

"ಯಾರು ಕೆತ್ತಿದ್ದೋ ಗೊತ್ತಿಲ್ಲ," ಎಂದರು ಮೈಕಿನಲ್ಲಿ. "ಎಲ್ಲೂ ಕೈ ನಡುಗಿಲ್ಲ. ಅಂದಮೇಲೆ ನಮ್ಮವರಂತೂ ಅಲ್ಲ."

ಕೊನೆಯ ಉಳಿ

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಆಶಾನ್ ಏಳಲಿಲ್ಲ. ಹದಿನಾರನೇ ದಿನದ ಕ್ರಿಯೆ ಕಳೆದ ಮೇಲೆ ಸಂಘದವರೆಲ್ಲ ಎಡಪ್ಪಳ್ಳಿಯ ಅದೇ ಕೋಣೆಯಲ್ಲಿ ನೆನಪಿನ ಸಭೆಗೆ ಸೇರಿದೆವು.

ಮೇಜಿನ ಖಾನೆಯಲ್ಲಿ ಒಂದು ಹೊಸ ಉಳಿ ಸಿಕ್ಕಿತು. ಹಿಡಿಗೆ ಹೊಳಪು ಹಾಕಿತ್ತು. ಹೆಸರಿನ ಚೀಟಿ ಇರಲಿಲ್ಲ. ಅವರ ಕೈಯಿಂದ ಬಂದ ಕೊನೆಯ ಉಳಿ ಅದು. ಆರು ವರ್ಷ ಕಾದವನು ನಾನು. ಅದು ಇನ್ನಾರದ್ದಾಗಲು ಸಾಧ್ಯ?

"ಯಾರ ಕೈಗೆ ಕೂರುತ್ತದೋ ಅವರದ್ದು," ಎಂದರು ಅಧ್ಯಕ್ಷರು. ಹೇಳಿ, ಮೊದಲು ತಾವೇ ಹಿಡಿದರು. ಕೂರಲಿಲ್ಲ. ಆದರೂ ಸುಮಾರು ಹೊತ್ತು ಹಿಡಿದೇ ಇದ್ದರು. ಬಳೆಯ ಸದಸ್ಯೆ, "ಸ್ವಲ್ಪ ಒತ್ತುತ್ತದೆ, ಅಭ್ಯಾಸವಾದರೆ ಸರಿಹೋಗುತ್ತದೆ," ಎಂದರು, ಚಪ್ಪಲಿ ಅಂಗಡಿಯಲ್ಲಿ ಹೇಳುವ ಹಾಗೆ. ಹನ್ನೊಂದು ಕೈ ದಾಟಿ ನನಗೆ ಬಂತು. ಮುಷ್ಟಿ ಬಿಗಿದೆ. ಹಿಡಿ ನನ್ನ ಅಂಗೈಯಲ್ಲಿ ಅಪರಿಚಿತನಂತೆ ಹೊರಳಾಡಿತು.

ಅಷ್ಟರಲ್ಲಿ ಚೇಚಿ ಚಹಾ ತಂದರು. ತಟ್ಟೆ ಕೆಳಗಿಟ್ಟು ನನ್ನ ಕೈಯಿಂದ ಉಳಿ ತೆಗೆದುಕೊಂಡರು. ಅವರ ಅಂಗೈಯಲ್ಲಿ ಅದು ಅಲ್ಲೇ ಹುಟ್ಟಿದಂತೆ ಕೂತಿತು.

"ಇಲ್ಲಿದೆಯಾ ಇದು? ಸಿಗಡಿ ಬೆನ್ನಿನ ಕಪ್ಪು ನಾರು ತೆಗೆಯೋಕೆ ಒಂದು ಮಾಡಿಕೊಡಿ ಅಂತ ಮದುವೆಯಾದಾಗಿನಿಂದ ಕೇಳುತ್ತಿದ್ದೆ. ಈಗ ಮಾಡಿಟ್ಟು ಹೋಗಿದ್ದಾರೆ ನೋಡಿ." ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿಯನ್ನು ಅಡಿಗೆಮನೆಗೆ ಕೊಂಡೊಯ್ಯಲು ತಿರುಗಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಹಾಗಾದರೆ ಚೇಚಿ, ನನ್ನದು?" ಎಂದು ಎಲ್ಲರೆದುರಿಗೆ ಕೇಳಿಯೇಬಿಟ್ಟೆ. "ನನಗೆ ಅವರು ಮಾಡಿಕೊಡಲೇ ಇಲ್ಲ. ನನ್ನ ಹತ್ತಿರ ಇರುವುದು ಯಾರದೋ ಹಳೆಯದು. ಎರವಲು."

"ಎಲ್ಲಿ, ತೋರಿಸಿ."

ಜೇಬಿನಿಂದ ತೆಗೆದು ಕೊಟ್ಟೆ. ಚೇಚಿ ಹಲಗೆಯಿಂದ ನನ್ನ ಹೆಸರಿನ ಮೇಣದ ಮುಷ್ಟಿ ಇಳಿಸಿ, ಉಳಿಯ ಹಿಡಿಯನ್ನು ಅದರ ಪಕ್ಕಕ್ಕೆ ಹಿಡಿದು ಉಬ್ಬುತಗ್ಗು ಹೋಲಿಸಿದರು. ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಅಳತೆಯ ವಿಭಾಗದವನು ಹೇಳುತ್ತಿದ್ದೇನೆ.

"ನಿಮ್ಮದೇ ಸಾರೇ ಇದು. ಹೊಸ ಹಿಡಿಗೆ ಚಹಾ ಗಸಿ ತಿಕ್ಕಿ ಹಳೆಯದು ಮಾಡುತ್ತಿದ್ದರು. 'ಸ್ವಂತದ್ದು ಅಂದರೆ ಕೆತ್ತನೆ ಕೆಟ್ಟಾಗ ಉಳಿಯನ್ನು ಬಯ್ಯುತ್ತಾರೆ, ಎರವಲು ಅಂದರೆ ಹುಷಾರಾಗಿ ಕೆತ್ತುತ್ತಾರೆ' ಅನ್ನುತ್ತಿದ್ದರು. ಹೊರಗೆಲ್ಲೂ ಹೇಳಬೇಡಿ, ಬೇರೆಯವರಿಗೆ ಗೊತ್ತಾದರೆ ನಗುತ್ತಾರೆ."

ಯಾರೂ ನಗಲಿಲ್ಲ. ಮೊಣಕೈ ನೋವಿನ ಅಧ್ಯಕ್ಷರು ಕೆಮ್ಮಿದರು. ಕೈ ಜೇಬಿಗೆ ಹೋಯಿತು. "ಚೇಚಿ, ಹಾಗೇ ಇದನ್ನೂ ಒಮ್ಮೆ…" ಬಳೆಯ ಸದಸ್ಯೆ ಚೀಲದ ಜಿಪ್ ಎಳೆದರು. ಅದರ ಹಿಂದೆ ಇನ್ನೊಂದು ಜೇಬು, ಇನ್ನೊಂದು ಚೀಲ. ನೋಡನೋಡುತ್ತ ಮೇಜಿನ ಮೇಲೆ ಚಹಾ ಬಣ್ಣದ ಹನ್ನೆರಡು ಉಳಿಗಳು, ಎಲ್ಲವೂ ಎರವಲು, ಸಾಲಾಗಿ ಮಲಗಿದವು.

ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ನಿಮಿಷದ ಮೌನ ಕೊನೆಗಿತ್ತು. ಯಾರೂ ಏಳಿ ಎನ್ನದೆ ಅದು ಆಗಲೇ ಶುರುವಾಗಿ, ಮೂರು ನಿಮಿಷ ದಾಟಿತ್ತು.