ಆಷಾಢದ ರಿಪೇರಿಯವನು

ಏಳನೇ ವಯಸ್ಸಿನವರೆಗೂ ನನಗೊಂದು ಗಟ್ಟಿ ನಂಬಿಕೆಯಿತ್ತು. ನಮ್ಮ ಮನೆಯ ಟಿವಿಯಲ್ಲಿ ನಾನು ಆಡುವ ವಿಡಿಯೋ ಗೇಮು ನಮ್ಮೂರು ಅರಿಶಿನಕುಂಟೆಯ ಎಲ್ಲ ಮನೆಗಳ ಟಿವಿಯಲ್ಲೂ ಕಾಣುತ್ತದೆ ಎಂದು. ವಾರ್ತೆ ಎಲ್ಲರ ಮನೆಗೂ ಒಂದೇ ಬರುತ್ತದೆ, ಧಾರಾವಾಹಿ ಒಂದೇ ಬರುತ್ತದೆ. ನನ್ನ ಆಟ ಮಾತ್ರ ನಮ್ಮ ಗೋಡೆ ದಾಟುವುದಿಲ್ಲವೆಂದು ಯಾರು ತಾನೇ ಊಹಿಸುತ್ತಾರೆ? ಆದ್ದರಿಂದ ಭಾನುವಾರ ಆಟಕ್ಕೆ ಕೂರುವ ಮುಂಚೆ ಸ್ನಾನ ಮಾಡಿ, ಮುಖಕ್ಕೆ ಪೌಡರ್ ಬಳಿದುಕೊಂಡು, ಇಸ್ತ್ರಿ ಅಂಗಿ ತೊಟ್ಟೇ ಕೂರುತ್ತಿದ್ದೆ. ಒಂದು ಭಾನುವಾರ ಒಂದೇ ಹಳ್ಳಕ್ಕೆ ಒಂಬತ್ತು ಸಲ ಬಿದ್ದೆ. ಮರುದಿನ ಹಾಲಿನ ಡೇರಿಯಲ್ಲಿ ಸಿಕ್ಕ ಪಕ್ಕದ ಮನೆಯ ಕೊಂಡಪ್ಪನವರನ್ನು ಅಂಜುತ್ತಲೇ ಕೇಳಿದೆ:

"ಅಂಕಲ್, ನಿನ್ನೆ ಟಿವೀಲಿ ನೋಡಿದ್ರಾ?"

"ನೋಡ್ದೆ ಕಣಪ್ಪ. ಥೂ! ಅದೂ ಒಂದ್ ಆಟಾನಾ? ಮಾನ ಮರ್ಯಾದೆ ಇರೋರು ಹಂಗಾಡ್ತಾರಾ?"

ಅವರು ಬೈದದ್ದು ಕ್ರಿಕೆಟ್ಟಿನವರನ್ನು ಎಂದು ನನಗೆ ತಿಳಿಯುವ ಹೊತ್ತಿಗೆ, ಎರಡು ವಾರ ಆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿಯಾಗಿತ್ತು.

ಟಿವಿಯ ವಿಷಯದಲ್ಲಿ ನನ್ನ ಜ್ಞಾನ ಅದರಿಂದಾಚೆಗೆ ಹೆಚ್ಚೇನೂ ಬೆಳೆಯಲಿಲ್ಲ. ಈಗ ಹೆದ್ದಾರಿಯ ಪಕ್ಕದ ಒಂದು ಗೋಡೌನಿನಲ್ಲಿ ನನಗೆ ಕೆಲಸ. ಕೊರಳಿಗೆ ನೇತುಹಾಕಿಕೊಳ್ಳುವ ಕಾರ್ಡಿನಲ್ಲಿ 'ಟೆಕ್ನಿಕಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್' ಎಂದಿದೆ. (ಬಿಡಿಸಿ ಹೇಳುವುದಾದರೆ, ಬೆಳಿಗ್ಗೆ ಒಳಗೆ ಬಂದ ರಟ್ಟಿನ ಡಬ್ಬವೂ ಸಂಜೆ ಹೊರಗೆ ಹೋಗುವ ರಟ್ಟಿನ ಡಬ್ಬವೂ ಒಂದೇನಾ ಎಂದು ನೋಡುವವನು.) ಮದುವೆಯ ಮಾತುಕತೆಯಲ್ಲಿ ನಮ್ಮಮ್ಮ ಲಕ್ಕಮ್ಮ ಆ ಬಿರುದಾವಳಿಯ ಮೊದಲ ಪದವನ್ನು ಮಾತ್ರ ಗಟ್ಟಿಯಾಗಿ ಓದಿ, ಉಳಿದದ್ದನ್ನು ಕೆಮ್ಮಿ ಮುಗಿಸಿದರು. ದೊಡ್ಡಬಳ್ಳಾಪುರದ ಬೀಗರು "ಹುಡುಗ ಟೆಕ್ನಿಕಲ್ಲು" ಎಂದು ಒಪ್ಪಿಕೊಂಡರು.

ವೈಶಾಖದಲ್ಲಿ ಮದುವೆಯಾಯಿತು. ನಾನೂ ಅಕ್ಷತಳೂ ಒಬ್ಬರ ಮುಖ ಒಬ್ಬರು ನೋಡಿ ನಾಚುವುದನ್ನು ಬಿಟ್ಟು ಜಗಳವಾಡುವ ಸಲಿಗೆಗೆ ಬರುವಷ್ಟರಲ್ಲಿ ಆಷಾಢ ಬಂತು. ಮೊದಲ ಆಷಾಢಕ್ಕೆ ಹೆಣ್ಣು ತವರಿಗೆ ಹೋಗಬೇಕು. ಅಳಿಯನಾದವನು ಆ ತಿಂಗಳು ಅತ್ತೆ ಮನೆಯ ಹೊಸಿಲು ತುಳಿಯಬಾರದು. ಅಮ್ಮ ಒಳ್ಳೆಯ ದಿನ ನೋಡಿ, ತಿಂಗಳು ಹುಟ್ಟುವ ಒಂದು ವಾರ ಮುಂಚೆಯೇ ಸೊಸೆಯ ಮಡಿಲು ತುಂಬಿ ಬಸ್ಸು ಹತ್ತಿಸಿದರು. ಫೋನಿನಲ್ಲಿ ನೋಡಬಹುದಲ್ಲ ಎನ್ನುತ್ತೀರಿ. ನೋಡುತ್ತಿದ್ದೆ. ಆದರೆ ನಮ್ಮ ಮಾವನದು ಮಗ್ಗದ ಮನೆ. ಆರು ಪವರ್‌ಲೂಮು ಒಟ್ಟಿಗೆ ಬಡಿಯುವ ಸದ್ದಿನಲ್ಲಿ ಹೆಂಡತಿಯ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಬೈಯುತ್ತಿದ್ದಾಳೋ ಮುದ್ದು ಮಾಡುತ್ತಿದ್ದಾಳೋ ತಿಳಿಯದೆ ಎರಡಕ್ಕೂ ಹಲ್ಲು ಕಿರಿಯುತ್ತಿದ್ದೆ.

ಎಂಟನೇ ದಿನ ಕರೆಂಟು ಹೋಗಿದ್ದಾಗ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

"ರೀ, ಅಟ್ಟದ ಮೇಲೆ ನನ್ನ ಹಳೇ ವಿಡಿಯೋ ಗೇಮ್ ಸಿಕ್ತು. ಕ್ಯಾಸೆಟ್ ಹಾಕೋದು. ಮಗ್ಗದ ಮನೆ ದಪ್ಪ ಟಿವಿಗೆ ಹಾಕ್ದೆ. ಬೆಳಿಗ್ಗೆಯಿಂದ ಬರೀ ಚುಕ್ಕೆ ಚುಕ್ಕೆ ಬರ್ತಿದೆ."

ನನ್ನ ತಲೆಯಲ್ಲಿ ದೀಪ ಹತ್ತಿತು. ಕೂಡಲೇ ಮಾವ ಆದಿನಾರಾಯಣಪ್ಪನವರಿಗೆ ಫೋನು ಮಾಡಿದೆ.

"ಮಾವ, ಹಳೇ ಸಾಮಾನು, ಸಿಕ್ಕಸಿಕ್ಕೋರು ಕೈ ಹಾಕಿದ್ರೆ ಕೆಟ್ಟೋಗುತ್ತೆ. ನಾನೇ ಒಂದ್ಸಲ ಬಂದು ನೋಡ್ಲಾ?"

ಆ ಕಡೆ ಗಂಡ ಹೆಂಡತಿ ಬಹಳ ಹೊತ್ತು ಶಾಸ್ತ್ರ ವಿಚಾರ ಮಾಡಿದರು. ಕೊನೆಗೆ ಮಾವ ತೀರ್ಪು ಕೊಟ್ಟರು. ಮಗ್ಗದ ಮನೆಗೆ ಇರುವುದು ಶೆಟರ್ರು. ಶೆಟರ್ರಿಗೆ ಹೊಸಿಲಿಲ್ಲ. "ಅಳಿಯ ಅಂತ ಬಂದ್ರೆ ಆಷಾಢ. ರಿಪೇರಿಗೆ ಅಂತ ಬಂದ್ರೆ ಭಾನುವಾರ. ಬನ್ನಿ."

ಹಿಂದಿನಿಂದ ಅತ್ತೆ ಮುನಿಗಂಗಮ್ಮನವರ ತಿದ್ದುಪಡಿ ಕೇಳಿಸಿತು: "ರಿಪೇರಿ ಮುಗೀತಿದ್ದಂಗೆ ಹೊರಡ್ಬೇಕು ಅಂತ ಹೇಳ್ರೀ!"

ಮೊದಲನೇ ಭಾನುವಾರ ಕೈಯಲ್ಲಿ ಸ್ಕ್ರೂಡ್ರೈವರು, ಭುಜಕ್ಕೊಂದು ಚೀಲ ಹಾಕಿಕೊಂಡು ಶೆಟರಿನ ಕೆಳಗೆ ಬಗ್ಗಿ ಒಳಹೊಕ್ಕೆ. ಸ್ವಾಗತ ಹೇಳಿಕೊಳ್ಳುವಂಥದ್ದಲ್ಲ. ಮದುವೆಯಲ್ಲಿ ನನ್ನ ಕಾಲು ತೊಳೆದ ಮಾವ ಒಂದು ಸ್ಟೂಲನ್ನು ಕಾಲಿನಿಂದಲೇ ನನ್ನತ್ತ ತಳ್ಳಿದರು. ಅತ್ತೆ ನೂಲಿನ ಗಂಟುಗಳ ಪಕ್ಕ ಕಾವಲು ಕೂತರು. ಅಕ್ಷತ ಬಂದಳು. ಹದಿಮೂರು ದಿನದ ಮೇಲೆ ನೋಡುತ್ತಿದ್ದೇನೆ. ಕಣ್ಣು ತುಂಬಿ ಬಂತು.

"ಏನ್ರೀ ರಿಪೇರಿಯವ್ರೇ, ಕಣ್ಣಿಗೆ ಧೂಳು ಬಿತ್ತಾ?" ಎಂದಳು ಕಳ್ಳಿ.

ಟಿವಿಯ ಮುಂಭಾಗದ ಪುಟ್ಟ ಮುಚ್ಚಳ ತೆಗೆದು ಒಳಗಿನ ತಿರುಪನ್ನು ಸುಮ್ಮನೆ ಒಂದಿಷ್ಟು ತಿರುಗಿಸಿದೆ. ಚುಕ್ಕೆಗಳೆಲ್ಲ ಕೂಡಿ ಒಂದು ಚಿತ್ರವಾಗಿ ನಿಂತವು! ಚಾನೆಲ್ಲು ಕೂಡಿರಲಿಲ್ಲ, ಅಷ್ಟೇ ಕಾಯಿಲೆ. ಗಡಿಯಾರ ನೋಡಿದೆ. ನಾನು ಬಂದು ನಾಲ್ಕು ನಿಮಿಷವಾಗಿತ್ತು. ಇನ್ನೂ ಟೀ ಬಂದಿರಲಿಲ್ಲ. ನನ್ನ ಜೀವಮಾನದ ಮೊದಲ ಯಶಸ್ವಿ ರಿಪೇರಿ ನನ್ನನ್ನೇ ಬಸ್ ಸ್ಟ್ಯಾಂಡಿಗೆ ಅಟ್ಟಲು ನಿಂತಿತ್ತು. ಅತ್ತೆ ಆಕಳಿಸಲೆಂದು ಕಣ್ಣು ಮುಚ್ಚಿದ ಆ ಒಂದು ಗಳಿಗೆಯಲ್ಲಿ ತಿರುಪನ್ನು ಇದ್ದಲ್ಲಿಗೇ ತಿರುಗಿಸಿಬಿಟ್ಟೆ.

"ಬೋರ್ಡ್ ವೀಕ್ ಆಗಿದೆ ಅತ್ತೆ," ಎಂದು ನಿಟ್ಟುಸಿರು ಬಿಟ್ಟೆ. "ಈ ಮಾಡೆಲ್ ಈಗ ಬರ್ತಿಲ್ಲ. ಪಾರ್ಟ್ ಹುಡುಕ್ಬೇಕು. ಮುಂದಿನ ಭಾನುವಾರ ಆಗುತ್ತೆ."

ಹೇಳಿದ ಮೇಲೆ ನನಗೇ ಜ್ಞಾನೋದಯವಾಯಿತು. ನಮ್ಮ ಮಿಕ್ಸಿಯನ್ನು ಮೂರು ತಿಂಗಳು ಇಟ್ಟುಕೊಂಡಿದ್ದ, ನಮ್ಮೂರ ಪಕ್ಕದ ನೆಲಮಂಗಲದ ರಿಪೇರಿಯವನೂ ಇದೇ ಮಾತು ಹೇಳಿದ್ದ. ಪಾಪ, ಅವನಿಗೂ ನಮ್ಮ ಬೀದಿಯಲ್ಲಿ ಯಾರನ್ನೋ ನೋಡುವುದಿತ್ತೇನೋ.

ಎರಡನೇ ಭಾನುವಾರ ಚಿತ್ರ ಬರಿಸಿದೆ. ಬಣ್ಣದ ತಿರುಪನ್ನು ಸೊನ್ನೆಗೆ ಇಳಿಸಿದೆ. ಪರದೆಯ ಮೇಲಿನ ಹಸಿರು ಬೆಟ್ಟ, ಕೆಂಪು ಇಟ್ಟಿಗೆ, ನೀಲಿ ಆಕಾಶ ಎಲ್ಲವೂ ಬೂದಿ ಬಳಿದುಕೊಂಡವು. "ಬಣ್ಣದ ಐಸಿ ಹೋಗಿದೆ," ಎಂದೆ. ಅಂದು ಒಂದು ಆರ್ಡರು ತುರ್ತಿತ್ತೆಂದು ಮಗ್ಗಗಳು ಓಡುತ್ತಿದ್ದವು. ಅದೇ ಧೈರ್ಯದಲ್ಲಿ, ಟಿವಿಯ ಹಿಂದೆ ಟಾರ್ಚು ಹಿಡಿದು ನಿಂತಿದ್ದ ಅಕ್ಷತಳ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದೆ.

"ಏನಂದ್ರಿ?" ಎಂದಳು.

ಸ್ವಲ್ಪ ಜೋರಾಗಿ ಹೇಳಿದೆ.

"ಕೇಳಿಸ್ತಿಲ್ಲ ಕಣ್ರೀ! ಇನ್ನೂ ಜೋರಾಗಿ!"

ಆರು ಮಗ್ಗಗಳನ್ನು ಮೀರಿಸುವಂತೆ, ಎದೆಯ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಮಗ್ಗಗಳು ಗಪ್ಪೆಂದು ನಿಂತವು. ನನ್ನ ಬಾಯಿ ನಿಲ್ಲಲಿಲ್ಲ.

"ನಿನ್ನ ಬಿಟ್ಟು ಒಂದ್ ದಿನಾನೂ ಇರಕ್ಕಾಗ್ತಿಲ್ಲ ಚಿನ್ನಾ!"

ಎದುರು ಮನೆಯ ಜಗುಲಿಯಲ್ಲಿ ಯಾರೋ ಕೆಮ್ಮಿದರು. ಮಾವ ಮಗ್ಗದ ಲಾಳಿಯನ್ನು ಕೈಯಲ್ಲಿ ಹಿಡಿದು ಅದನ್ನೇ ಮೊದಲ ಸಲ ಕಂಡವರಂತೆ ಪರೀಕ್ಷಿಸತೊಡಗಿದರು. ಅತ್ತೆ ನಿಧಾನವಾಗಿ ಕೇಳಿದರು:

"ರಿಪೇರಿಯವ್ರೇ, ಅಷ್ಟ್ ಪ್ರೀತೀಲಿ ಹೇಳಿದ್ದು ಟಿವಿಗಾ?"

"ಹೂಂ ಅತ್ತೆ... ಹಳೇ ಮಾಡೆಲ್ ಅಲ್ವಾ..." ಎಂದು ಮುಂದಿನ ಬಸ್ಸಿಗೇ ಹೊರಟುಬಿಟ್ಟೆ.

ಆ ಅವಮಾನಕ್ಕೆ ಹೆದರಿ ನಿಲ್ಲುವ ಗಂಡಸು ನಾನಲ್ಲ. ಮೂರನೇ ಭಾನುವಾರ ಬಣ್ಣ ಕೊಟ್ಟೆ. ಕೊಟ್ಟ ಮೇಲೆ ಹೊಸದೊಂದು ರೋಗ ಬೇಕಲ್ಲ? ಕ್ಯಾಸೆಟ್ಟು ಕೂರುವ ಸಂದಿಯಲ್ಲಿ ಬಾಚಣಿಗೆಯಂತೆ ಸಾಲಾಗಿ ಪಿನ್ನುಗಳಿದ್ದವು. ಜೇಬಿನಲ್ಲಿದ್ದ ಬಸ್ ಟಿಕೆಟ್ಟಿನ (ಗಂಡಸಾದ ತಪ್ಪಿಗೆ ದುಡ್ಡು ಕೊಟ್ಟು ಕೊಂಡದ್ದು) ಒಂದು ಚೂರು ಹರಿದು, ಮಡಿಸಿ, ಒಂದು ಪಿನ್ನಿನ ಮುಂದೆ ತುರುಕಿ ಕ್ಯಾಸೆಟ್ಟು ಒತ್ತಿದೆ. ಪರದೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೆರೆಗಳು ಮೂಡಿದವು. ನೋಡಲು ಎಷ್ಟು ಗಂಭೀರ ಕಾಯಿಲೆಯಾಗಿತ್ತೆಂದರೆ ನನಗೇ ಕನಿಕರವಾಯಿತು.

"ಇದೇನ್ರೀ, ನೀವು ಒಂದ್ ಸರಿ ಮಾಡಿದ್ರೆ ಇನ್ನೊಂದ್ ಕೆಡುತ್ತೆ?" ಎಂದಳು ಅಕ್ಷತ.

"ಹಳೇ ಸಾಮಾನು ಹಂಗೇ ಮೇಡಂ. ಕಾಯಿಲೆ ಒಳಗಿಂದೊಳಗೇ ಇರುತ್ತೆ."

"ನಿಮ್ ಕೈಗುಣ ದೊಡ್ಡದು ಬಿಡಿ," ಎಂದು ಅತ್ತೆ ಟೀ ಲೋಟ ಕುಕ್ಕಿದರು.

ನಾಲ್ಕನೆಯದು ಆಷಾಢದ ಕೊನೆಯ ಭಾನುವಾರ. ಅಮಾವಾಸ್ಯೆಗೆ ಇನ್ನು ಮೂರೇ ದಿನ. ಆಮೇಲೆ ನಾನು ರಾಜಾರೋಷವಾಗಿ ಹೊಸಿಲು ತುಳಿಯುವ ಅಳಿಯ. ಆದ್ದರಿಂದ ಇನ್ನು ಸತಾಯಿಸುವ ಅಗತ್ಯವಿಲ್ಲ, ಟಿಕೆಟ್ಟಿನ ಚೂರು ಎಳೆದು ಬಿಸಾಡಿ, ನಿಚ್ಚಳ ಚಿತ್ರ ಬರಿಸಿ, 'ಟೆಕ್ನಿಕಲ್' ಎಂಬ ಪದಕ್ಕೆ ಕಳಶವಿಡುವುದೆಂದು ತೀರ್ಮಾನಿಸಿದೆ. ಮೂವರನ್ನೂ ನೂಲಿನ ಗಂಟಿನ ಮೇಲೆ ಸಾಲಾಗಿ ಕೂರಿಸಿದೆ. "ಇವತ್ತು ಮುಗಿಸ್ಬಿಡ್ತೀನಿ," ಎಂದು ಘೋಷಿಸಿದೆ. ಮಾವ ಕನ್ನಡಕ ಒರೆಸಿ ಹಾಕಿಕೊಂಡರು.

ಸಂದಿಯಿಂದ ಟಿಕೆಟ್ಟನ್ನು ಎಳೆದೆ. ಅರ್ಧ ಬಂತು. ಇನ್ನರ್ಧ ಬರಲಿಲ್ಲ. ಸ್ಕ್ರೂಡ್ರೈವರಿನ ಮೂತಿ ಹಾಕಿ ಮೀಟಿದೆ. 'ಟಿಕ್' ಎಂದು ಒಂದು ಸಣ್ಣ ಸದ್ದು. ಕ್ಯಾಸೆಟ್ಟು ಹಾಕಿದೆ. ಮೊದಲು ನಾಲ್ಕಿದ್ದ ಗೆರೆಗಳು ಈಗ ಎಂಟಾಗಿದ್ದವು.

ಊದಿದೆ. ಬಾಲ್ಯದ ನಂಬಿಕೆಯಂತೆ ಮೂರು ಸಲ ಊದಿದೆ. ರಬ್ಬರಿನಲ್ಲಿ ಉಜ್ಜಿದೆ. ವೈರು ತಿರುಚಿದೆ. ಟಿವಿಯ ಬೆನ್ನಿಗೆ ಗುದ್ದಿದೆ. ಗೆರೆಗಳು ಒಮ್ಮೆ ನಡುಗಿ ಮತ್ತೆ ಗಟ್ಟಿಯಾಗಿ ನಿಂತವು. ಮೂರು ವಾರ ಸುಳ್ಳು ಕಾಯಿಲೆ ಹೇಳಿದವನಿಗೆ ನಿಜವಾದ ಕಾಯಿಲೆ ಎದುರಾಗಿತ್ತು. ಅಂಗಿ ಒದ್ದೆಯಾಯಿತು. ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುವನ್ನು ತಡೆಯುತ್ತಿದ್ದಾಳೆಂದು ತಿಳಿದು ನನಗೆ ಇನ್ನಷ್ಟು ಸಂಕಟವಾಯಿತು.

"ಪಿಕ್ಚರ್ ಟ್ಯೂಬೇ ಹೋಗಿದೆ ಮಾವ," ಎಂದೆ ಕೊನೆಗೆ. "ಈ ಟಿವಿ ಇನ್ನು ಗುಜರಿಗೇ."

ಇಪ್ಪತ್ತು ವರ್ಷದ ಟಿವಿಯನ್ನು ಗುಜರಿಗೆ ಎಂದದ್ದೇ ತಡ, ಅತ್ತೆ ಎದ್ದರು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಂತೆ, ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದರು.

"ಗೆರೆ ಅಲುಗಾಡ್ತಿಲ್ಲ. ಸಮ ಅಳತೇಲಿ, ಮೇಲಿಂದ ಕೆಳೀಕೆ ಒಂದೇ ಜಾಗ. ಟಿವಿ ಯಾಕ್ರೀ ಕೆಡುತ್ತೆ? ಜಕಾರ್ಡಲ್ಲಿ ಒಂದ್ ಸೂಜಿ ಕಚ್ಚದಿದ್ರೆ ಸೀರೆ ಉದ್ದಕ್ಕೂ ಹಿಂಗೇ ಗೆರೆ ಹೊಡ್ಯುತ್ತೆ. ಸೀರೇನ ಗುಜರಿಗೆ ಹಾಕ್ತಾರಾ? ಸೂಜಿ ನೋಡ್ತಾರೆ. ಸರೀರಿ ಆಚೆ."

ನಾನು ಸರಿದೆ. ಮಗ್ಗದ ಮೇಲೆ ಸೀರೆಯ ಬುಟ್ಟಾ ಮೂಡಿಸುವ ಜಕಾರ್ಡಿನಲ್ಲೂ ಹೀಗೆಯೇ ಸೂಜಿಗಳ ಸಾಲು, ಹೀಗೆಯೇ ಅದಕ್ಕೊತ್ತುವ ರಟ್ಟು. ಮೂವತ್ತು ವರ್ಷ ಅದನ್ನೇ ನೋಡಿದ ಕಣ್ಣು ಅವರದು. ಎಳೆ ಪೋಣಿಸುವ ತೆಳ್ಳನೆಯ ಕೊಕ್ಕೆಯನ್ನು ಮುಡಿಯಿಂದ ತೆಗೆದು, ಸಂದಿಯೊಳಗೆ ಬಿಟ್ಟು, ಪಿನ್ನುಗಳನ್ನು ಒಂದೊಂದಾಗಿ ಎಣಿಸುತ್ತ ಹೋದರು. ಏಳನೆಯದರಲ್ಲಿ ಕೈ ನಿಂತಿತು. ಬಾಗಿದ್ದ ಪಿನ್ನನ್ನು ಹಗುರವಾಗಿ ಎತ್ತಿದರು. ಅದರ ಹಿಂದಿನಿಂದ ಒಂದು ಕಾಗದದ ಚೂರನ್ನೂ ಎತ್ತಿದರು. ಕ್ಯಾಸೆಟ್ಟು ಒತ್ತಿದರು.

ನೀಲಿ ಆಕಾಶ, ಹಸಿರು ಬೆಟ್ಟ, ಕೆಂಪು ಇಟ್ಟಿಗೆ. ಒಂದು ಗೆರೆಯಿಲ್ಲ.

ಅತ್ತೆ ಟಿವಿ ನೋಡಲಿಲ್ಲ. ಕಾಗದದ ಚೂರನ್ನು ಬಿಡಿಸಿ ಮಾವನ ಕೈಗೆ ಕೊಟ್ಟರು. ಮಾವ ಗಟ್ಟಿಯಾಗಿ ಓದಿದರು: "ನೆಲಮಂಗಲದಿಂದ ದೊಡ್ಡಬಳ್ಳಾಪುರ. ಹೋದ ಭಾನುವಾರದ್ದು."

ಆರು ಮಗ್ಗಗಳಲ್ಲಿ ಒಂದೂ ಅಂದು ಓಡುತ್ತಿರಲಿಲ್ಲ. ಓಡಿದ್ದರೆ ಚೆನ್ನಾಗಿತ್ತು. ನಾನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಅಕ್ಷತ ಸೆರಗು ಬಿಟ್ಟು ಗೊಳ್ಳೆಂದು ನಕ್ಕಳು. ಅಳುವೆಂದು ನಾನು ತಿಳಿದದ್ದು ಅದನ್ನೇ.

"ಅಮ್ಮಂಗೆ ಮೊದಲ್ನೇ ವಾರಾನೇ ಗೊತ್ತು ಕಣ್ರೀ," ಎಂದಳು ಉಸಿರು ಸಿಕ್ಕಾಗ. "ನೀವು ತಿರುಪು ವಾಪಸ್ ತಿರುಗಿಸಿದ್ದು ನೋಡಿದ್ಲು. ನೀವ್ ಹೋಗಿದ್ದೇ ಸರಿ ಮಾಡಿದ್ಲು. ಆ ವಾರ ಎಲ್ಲಾ ನಾವು ಆಡಿದ್ವಿ. ಶನಿವಾರ ಮತ್ತೆ ಕೆಡ್ಸಿಟ್ವಿ."

"ಬಣ್ಣ?"

"ಅದೂ ಅಷ್ಟೇ. ಗೆರೆ ಒಂದೇ ಮುಟ್ಟಿರ್ಲಿಲ್ಲ. ನೀವು ಏನ್ ಮಾಡ್ತೀರೋ ನೋಡಣ ಅಂತ."

ನಾನು ಅತ್ತೆಯ ಕಡೆ ತಿರುಗಿದೆ. ಶಾಸ್ತ್ರ ಬಿಡದ ಹೆಂಗಸು. ಎಲ್ಲ ಗೊತ್ತಿದ್ದೂ ವಾರ ವಾರ ಶೆಟರು ಎತ್ತಿಸಿ ಒಳಗೆ ಬಿಟ್ಟಿದ್ದಾರೆ. ಗಂಡು ಮಗನಿಲ್ಲದ ಮನೆ, ಅಳಿಯನ ಮೇಲೆ ಮಮತೆ ಹುಟ್ಟಿರಬೇಕು ಎನ್ನಿಸಿತು. ಕೇಳಬಾರದಿತ್ತು, ಕೇಳಿಯೇಬಿಟ್ಟೆ.

"ಅತ್ತೆ, ನಾನು ಸುಳ್ಳು ಹೇಳ್ತಿದ್ದೀನಿ ಅಂತ ಮೊದಲೇ ಗೊತ್ತಿದ್ರೂ ಯಾಕೆ ನಾಲ್ಕು ವಾರ ಬರಕ್ ಬಿಟ್ರಿ?"

ಮುನಿಗಂಗಮ್ಮನವರು ಕೊಕ್ಕೆಯನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದರು:

"ನಿಮ್ಮನೆಯಿಂದ ಬಂದಾಗಿಂದ ಇವ್ಳು ಮುಖ ಊದಿಸ್ಕೊಂಡು ಕೂತಿದ್ಲು. ನೀವು ರಿಪೇರಿಗೆ ಕೂತಿದ್ದು ನೋಡಿ ನಕ್ಕಳು ನೋಡಿ, ವಾರ ಪೂರ್ತಿ ಅದನ್ನೇ ನೆನೆಸ್ಕೊಂಡು ನಕ್ಕಳು. ಅಷ್ಟ್ ನಗೋವಂಥದ್ದು ಆ ಟಿವೀಲಿ ಇಪ್ಪತ್ತು ವರ್ಷದಲ್ಲಿ ಒಂದೂ ಬಂದಿಲ್ಲ."